ಕುದುರೆಮುಖ, ಅಕ್ಟೋಬರ್ ಕೊನೆ ವಾರ, 14 ಜನ: ಬಿಸಿಲು ದಿನದ ಚಾರಣಕ್ಕೆ ತಯಾರಿ ಹೇಗೆ?

ಹೊಸಹೆಜ್ಜೆ:
ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಕೊನೆಯ ಶನಿವಾರ ಬೆಟ್ಟದ ಬುಡದ ಹಳ್ಳಿ ಮುಳ್ಳೋಡಿ ಕಡೆಯಿಂದ ಕುದುರೆಮುಖ ಹತ್ತೋ ಯೋಚನೆ ಇದೆ. ಒಟ್ಟು 14 ಜನ, ವಯಸ್ಸು 19ರಿಂದ 56. ಐದು ಜನಕ್ಕೆ ಇದೇ ಮೊದಲ ಬೆಟ್ಟ. ಮಳೆ ಮುಗಿದು ಬಿಸಿಲು ಬಿದ್ದಿರುತ್ತೆ, ಜಾರೋದಿಲ್ಲ, ಹಾಗಾಗಿ ಸುಲಭ ಅಂತ ಗುಂಪಲ್ಲಿ ಮಾತು. ಎಷ್ಟು ಗಂಟೆಗೆ ಹೊರಡಬೇಕು, ನೀರು ಎಷ್ಟು, ಊಟಕ್ಕೆ ಏನು, ಇಂಬಳ ಇನ್ನೂ ಇರುತ್ತಾ, 14 ಜನ ಚದುರದ ಹಾಗೆ ನಡೆಯೋದು ಹೇಗೆ? ತಿಳಿದವರು ಹೇಳಿ.

ಹುಲ್ಲುಬೆಟ್ಟ:
ಸಮಯದ ಲೆಕ್ಕ ಮೊದಲು, ಉಳಿದಿದ್ದೆಲ್ಲ ಅದರ ಮೇಲೇ ನಿಂತಿದೆ.

ಮುಳ್ಳೋಡಿಯಿಂದ ತುದಿಗೆ ಒಂದು ಕಡೆಗೆ 9ರಿಂದ 10 ಕಿ.ಮೀ. ತುದಿಯ ಎತ್ತರ ಸುಮಾರು 1,890 ಮೀಟರ್, ನೀವು ಹತ್ತೋದು ಹೆಚ್ಚುಕಡಿಮೆ 900 ಮೀಟರ್. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಕೊಟ್ಟ ಸೂತ್ರ ಇವತ್ತಿಗೂ ಕೈಕೊಡಲ್ಲ: 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 10 ಕಿ.ಮೀ.ಗೆ 2 ಗಂಟೆ, 900 ಮೀಟರಿಗೆ ಒಂದೂವರೆ, ಒಟ್ಟು ಮೂರೂವರೆ. ಇದು ಅಭ್ಯಾಸ ಇರೋ, ಎಲ್ಲೂ ಕೂರದ ಒಬ್ಬರ ಲೆಕ್ಕ. ಹೊಸಬರಿರೋ 14 ಜನಕ್ಕೆ ಅದರ ಅರ್ಧ ಸೇರಿಸಿ, ಐದೂಕಾಲು ಗಂಟೆ ಅಂತಿಟ್ಕೊಳ್ಳಿ. ಇಳಿಯೋಕೆ 4 ಗಂಟೆ.

ಬೆಳಗ್ಗೆ 6:30ಕ್ಕೆ ಕಾಲಿಟ್ಟರೆ 11:45ಕ್ಕೆ ತುದಿ. ಮುಕ್ಕಾಲು ಗಂಟೆ ಊಟ, ವಿಶ್ರಾಂತಿ. 12:30ಕ್ಕೆ ಇಳಿಯೋಕೆ ಶುರು, 4:30ಕ್ಕೆ ಮುಳ್ಳೋಡಿ. ಆ ವಾರ ಸೂರ್ಯ ಮುಳುಗೋದು 6:05ರ ಆಸುಪಾಸು, ಅಂದರೆ ಕೈಯಲ್ಲಿ ಉಳಿಯೋದು ಒಂದೂವರೆ ಗಂಟೆ. ಒಬ್ಬರ ಕಾಲು ಉಳುಕಿದರೆ ಅಷ್ಟೂ ಅಲ್ಲೇ ಖರ್ಚಾಗುತ್ತೆ.

ಹಿಂದಿನ ರಾತ್ರಿಯೇ ಎಲ್ಲರ ಎದುರು ಒಂದು ಮಾತು ಆಗಲಿ: 12:30ಕ್ಕೆ ಎಲ್ಲಿದ್ದೇವೋ ಅಲ್ಲಿಂದ ವಾಪಸ್. ತುದಿ ಕಣ್ಣೆದುರಿಗೇ ಇದ್ದರೂ ವಾಪಸ್. ಬೆಟ್ಟದ ಮೇಲೆ ನಿಂತು ಈ ತೀರ್ಮಾನ ಮಾಡೋಕೆ ಹೋದರೆ "ಇನ್ನು ಹತ್ತೇ ನಿಮಿಷ" ಅನ್ನೋರೇ ಗೆಲ್ತಾರೆ.

ಕಳಸದ ದಾರಿ:
6:30 ಅನ್ನೋದಕ್ಕೆ ಹಿಂದಿನ ದಿನವೇ ಬಂದು ಉಳ್ಕೊಳ್ಳಬೇಕು ಮಾರಾಯ್ರೆ. ಬೆಂಗಳೂರಿಂದ ರಾತ್ರಿ ಬಸ್ಸಲ್ಲಿ ಕಳಸಕ್ಕೆ ಬಂದು, ಮುಖ ತೊಳೆದು, ತಿಂಡಿ ತಿಂದು, ಸಂಸೆ ದಾಟಿ ಬಾಳೆಗಲ್ಲಿಗೆ ಹೋಗಿ, ಅಲ್ಲಿಂದ ಜೀಪು ಹಿಡಿಯೋ ಹೊತ್ತಿಗೆ ಎಂಟು ದಾಟಿರ್ತದೆ. ಕೊಟ್ಟಿಗೆಹಾರ ದಾಟಿದ ಮೇಲೆ ತಿರುವೋ ತಿರುವು, ವಾಂತಿ ಮಾಡ್ಕೊಂಡು ನಿದ್ದೆ ಇಲ್ಲದೆ ಬಂದವರು ಮೊದಲ ಏರಲ್ಲೇ ಸುಸ್ತಾಗ್ತಾರೆ. ಶುಕ್ರವಾರ ಸಂಜೆ ಮುಳ್ಳೋಡಿಯಲ್ಲೋ ಸಂಸೆ ಕಡೆಯೋ ಹೋಂಸ್ಟೇ ಹಿಡೀರಿ.

ಬಾಳೆಗಲ್ಲಿಂದ ಮುಳ್ಳೋಡಿಗೆ ನಿಮ್ಮ ಕಾರು ಬೇಡ. ದಾರಿ ತುಂಬ ಗುಂಡುಕಲ್ಲು, ಮಳೆ ನೀರು ಕೊರೆದ ಹೊಂಡ, ಕಾರಿನ ತಳ ಬಡೀತದೆ. ಜೀಪಿನವರಿಗೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿಡಿ, ಬೆಳಗ್ಗೆ ನೆಟ್‌ವರ್ಕ್ ಹುಡುಕ್ತಾ ನಿಲ್ಲೋದು ಬೇಡ.

ಅನುಮತಿ ವಿಷಯ: ಇದು ರಾಷ್ಟ್ರೀಯ ಉದ್ಯಾನ. ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲೇ ಬುಕ್ ಮಾಡಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಅಕ್ಟೋಬರ್ ಶನಿವಾರ ಬೇಗ ತುಂಬ್ತದೆ. 14 ಜನರ ಹೆಸರು, ಗುರುತಿನ ಚೀಟಿ ನಂಬರು ಮೊದಲೇ ಬರ್ಕೊಂಡು ಕೂತ್ಕೊಳ್ಳಿ. ಆ ದಿನ ಅದೇ ಗುರುತಿನ ಚೀಟಿ ಕೈಯಲ್ಲಿರಲಿ. ಗೈಡ್ ಇಲ್ಲದೆ ಬಿಡೋದಿಲ್ಲ, ಮೇಲೆ ಟೆಂಟ್ ಹಾಕೋ ಹಾಗಿಲ್ಲ. ಗೇಟಿನ ಸಮಯ ಬದಲಾಗ್ತಿರ್ತದೆ, ಬುಕಿಂಗ್ ಚೀಟಿ ಮೇಲೆ ಇದ್ದದ್ದೇ ಸರಿ.

ತಂಪುಗಾಳಿ:
"ಬಿಸಿಲಿದೆ, ಹಾಗಾಗಿ ಸುಲಭ" ಅನ್ನೋದನ್ನ ದಯವಿಟ್ಟು ಗುಂಪಿನ ತಲೆಯಿಂದ ತೆಗೀರಿ. ಮುಳ್ಳೋಡಿ ದಾಟಿದ ಮೇಲೆ ನೆರಳು ಸಿಗೋದು ಹಳ್ಳದ ಪಕ್ಕದ ಶೋಲಾ ಕಾಡಿನ (ಹುಲ್ಲುಬೆಟ್ಟದ ಕಣಿವೆಗಳಲ್ಲಿ ಬೆಳೆಯೋ ದಟ್ಟ ಕಾಡು) ತುಂಡುಗಳಲ್ಲಿ ಮಾತ್ರ. ದಾರಿಯ ಗುರುತಾದ 'ಒಂಟಿಮರ' ಅನ್ನೋ ಜಾಗ ದಾಟಿದಿರೋ, ಆಮೇಲೆ ಗಂಟೆಗಟ್ಟಲೆ ಬರೀ ಹುಲ್ಲು, ತಲೆ ಮೇಲೆ ಸೂರ್ಯ. ಗಾಳಿ ಬೀಸ್ತಾ ಇರೋದ್ರಿಂದ ಬೆವರು ಹರಿಯೋದೇ ಗೊತ್ತಾಗಲ್ಲ, ಚರ್ಮದ ಮೇಲೆ ಆರಿಹೋಗುತ್ತೆ. ಕುತ್ತಿಗೆ, ಕಿವಿ ತುದಿ, ಮೊಣಕಾಲ ಹಿಂಭಾಗ ಸುಡೋದು ಸಂಜೆ ಸ್ನಾನಕ್ಕೆ ಹೋದಾಗಲೇ ತಿಳಿಯೋದು.

ಬಟ್ಟೆ: ತುಂಬು ತೋಳಿನ ಸಡಿಲ ಅಂಗಿ, ತೆಳು ಪ್ಯಾಂಟು. ಜೀನ್ಸ್ ಬೇಡವೇ ಬೇಡ. ಇಬ್ಬನಿಯಲ್ಲಿ ನೆನೆದರೆ ತೊಡೆಗೆ ಅಂಟ್ಕೊಂಡು ಪ್ರತಿ ಹೆಜ್ಜೆಗೂ ಎಳೆಯುತ್ತೆ, ತೊಡೆ ಸಂದು ಉಜ್ಜಿ ಗಾಯ ಮಾಡುತ್ತೆ. ಆ ತಿಂಗಳಲ್ಲಿ ಹುಲ್ಲು ಸೊಂಟದವರೆಗೆ ಬೆಳೆದಿರುತ್ತೆ, ಅಂಚು ಬ್ಲೇಡಿನ ಹಾಗೆ, ಬರಿಗೈ ಬೀಸ್ಕೊಂಡು ನಡೆದರೆ ಸಣ್ಣ ಸಣ್ಣ ಗೀರು ಬೀಳುತ್ತೆ. ಟೋಪಿಗೆ ಸುತ್ತಲೂ ಅಂಚಿರಲಿ, ಕ್ರಿಕೆಟ್ ಟೋಪಿ ಕುತ್ತಿಗೆ ಕಾಯಲ್ಲ. ಇಲ್ಲಾಂದ್ರೆ ಒಂದು ಹತ್ತಿ ಟವೆಲ್ ಒದ್ದೆ ಮಾಡಿ ಕುತ್ತಿಗೆಗೆ ಹಾಕ್ಕೊಳ್ಳಿ, ಇದರಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ. ಸನ್‌ಸ್ಕ್ರೀನ್ ಹಚ್ಚೋರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಪ್ರತಿ 100 ಮೀಟರಿಗೆ ಸುಮಾರು 0.65 ಡಿಗ್ರಿಯಂತೆ ಉಷ್ಣತೆ ಇಳಿಯುತ್ತೆ. ಅಂದರೆ ತುದಿಯಲ್ಲಿ ಕೆಳಗಿಗಿಂತ ಆರು ಡಿಗ್ರಿಯಷ್ಟು ಕಡಿಮೆ, ಮೇಲೆ ಗಾಳಿ ಬೇರೆ. ಬೆವರಿದ ಅಂಗಿಯಲ್ಲಿ ಹದಿನೈದು ನಿಮಿಷ ಕೂತರೆ ನಡುಕ ಬರುತ್ತೆ. ಒಬ್ಬೊಬ್ಬರಿಗೂ ಒಂದು ತೆಳು ವಿಂಡ್‌ಚೀಟರ್ ಇರಲಿ.

ಶುಶ್ರೂಷೆ:
ನೀರಿನ ಬಗ್ಗೆ. ಈ ಬಿಸಿಲಲ್ಲಿ ಹತ್ತುವಾಗ ಗಂಟೆಗೆ ಅರ್ಧ ಲೀಟರ್ ಕನಿಷ್ಠ. ಮುಳ್ಳೋಡಿ ಬಿಡುವಾಗ ಪ್ರತಿಯೊಬ್ಬರ ಬೆನ್ನಲ್ಲಿ 3 ಲೀಟರ್ ಇರಬೇಕು. 14 ಜನಕ್ಕೆ 42 ಲೀಟರ್ ಆಯ್ತು. "ನಾಲ್ಕು ಜನ ಹೊತ್ತುಕೊಳ್ಳಲಿ" ಅಂತ ಮಾಡಬೇಡಿ, ಗುಂಪು ಚದುರಿದಾಗ ನೀರು ಒಂದು ಕಡೆ, ಬಾಯಾರಿದವರು ಇನ್ನೊಂದು ಕಡೆ ಆಗ್ತಾರೆ.

ಬರೀ ನೀರು ಸಾಲದು. ಬೆವರಲ್ಲಿ ಉಪ್ಪೂ ಹೋಗುತ್ತೆ, ಅದನ್ನ ತುಂಬದೆ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಗೊಂದಲ ಶುರುವಾಗುತ್ತೆ. ನೋಡಿದವರು ನೀರು ಸಾಲದೇ ಹೀಗಾಗಿದೆ ಅಂದ್ಕೊಂಡು ಇನ್ನಷ್ಟು ನೀರು ಕುಡಿಸಿ ಕೆಡಿಸ್ತಾರೆ. ಮೂರರಲ್ಲಿ ಒಂದು ಲೀಟರಿಗೆ ಓಆರ್‌ಎಸ್ ಪೊಟ್ಟಣ ಕಲಸಿ. ಮನೆಯಲ್ಲೇ ಮಾಡೋದಾದರೆ ಒಂದು ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಕಣ್ಣಂದಾಜಲ್ಲಿ ಹಾಕಬೇಡಿ, ಹೆಚ್ಚಾದರೆ ವಾಂತಿ.

ಗಮನಿಸಬೇಕಾದ ಎರಡು ಸ್ಥಿತಿ. ಒಬ್ಬರು ಮಾತು ನಿಲ್ಲಿಸಿ, ಬಿಳಿಚಿಕೊಂಡು, ಮೈ ತಣ್ಣಗೆ ಬೆವರಿ, ತಲೆ ಸುತ್ತುತ್ತೆ ಅಂದರೆ ಬಿಸಿಲ ಬಳಲಿಕೆ. ನೆರಳಿಗೆ ಕರೆದು ಕಾಲು ಎತ್ತರಿಸಿ ಮಲಗಿಸಿ, ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ, ಅರ್ಧ ಗಂಟೆ ಬಿಡಿ. ಸರಿಹೋದರೂ ಅವರನ್ನ ಹತ್ತಿಸಬೇಡಿ, ಇಳಿಸಿ. ಅದೇ ವ್ಯಕ್ತಿ ತೊದಲಿದರೆ, ಎಲ್ಲಿದ್ದೇನೆ ಅಂತ ಗೊತ್ತಾಗದಿದ್ದರೆ, ಮೈ ಕೆಂಡದ ಹಾಗೆ ಸುಡ್ತಿದ್ದರೆ ಅದು ಬಿಸಿಲಾಘಾತ, ಜೀವಕ್ಕೆ ಅಪಾಯ. ಬಾಯಿಗೆ ಏನೂ ಹಾಕಬೇಡಿ. ಗುಂಪಿನ ಅಷ್ಟೂ ನೀರು ಕತ್ತು, ಕಂಕುಳು, ತೊಡೆಸಂದಿಗೆ ಸುರಿದು ಟವೆಲ್‌ನಿಂದ ಗಾಳಿ ಬೀಸ್ತಾ ಇರಿ, ಹಳ್ಳ ಹತ್ತಿರ ಇದ್ದರೆ ಒದ್ದೆ ಬಟ್ಟೆ ಮತ್ತೆ ಮತ್ತೆ ಬದಲಿಸಿ. ಮೊದಲು ತಂಪು ಮಾಡೋದು, ಆಮೇಲೆ ಹೊರೋದು.

ಹೊಸಹೆಜ್ಜೆ:
ಹಳ್ಳದ ನೀರು ಕುಡಿಯಬಹುದಾ? ಹಾಗಾದರೆ 3 ಲೀಟರ್ ಹೊರೋದು ತಪ್ಪುತ್ತಲ್ವಾ?

ಶೋಲಾ:
ಅಕ್ಟೋಬರಲ್ಲಿ ಹಳ್ಳಗಳೆಲ್ಲ ಹರೀತಾ ಇರ್ತವೆ. ಹುಲ್ಲಿನ ಬೇರು, ಶೋಲಾದ ಎಲೆಗೊಬ್ಬರದ ಮಣ್ಣು ಮುಂಗಾರಿನ ನೀರನ್ನ ಸ್ಪಂಜಿನ ಹಾಗೆ ಹಿಡಿದಿಟ್ಟು ನಿಧಾನವಾಗಿ ಬಿಡುತ್ತೆ, ಅದಕ್ಕೇ ಮಳೆ ನಿಂತು ವಾರಗಳಾದರೂ ಬತ್ತಲ್ಲ. ಹಾಗಂತ ತುಂಬಿಸ್ಕೊಳ್ಳೋ ಭರವಸೆಯಲ್ಲಿ ಒಂದು ಬಾಟಲಿ ಹಿಡಿದು ಹೋಗಬೇಡಿ, ಏರುದಾರಿಯ ಕೊನೆಯ ಭಾಗದಲ್ಲಿ ನೀರು ದಾರಿ ಪಕ್ಕಕ್ಕೇ ಸಿಗುತ್ತೆ ಅಂತಿಲ್ಲ. ಮೇಲೆ ಕಾಟಿ (ಕಾಡುಕೋಣ), ಕಡವೆ ಓಡಾಡೋ ಜಾಗ, ಹಳ್ಳದ ಮೇಲ್ಭಾಗದಲ್ಲಿ ಏನಿದೆ ಅಂತ ಕೆಳಗಿನವರಿಗೆ ಗೊತ್ತಾಗಲ್ಲ. ಹರಿಯೋ ಕಡೆ ಹಿಡಿದು, ಬಟ್ಟೆಯಲ್ಲಿ ಸೋಸಿ, ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟು ಕುಡೀರಿ. ಕಾಲಲ್ಲಿ ಬಿರುಕು, ಗಾಯ ಇರೋರು ಹಳ್ಳ ದಾಟೋ ಮೊದಲು ನೀರು ಹೋಗದ ಪ್ಲಾಸ್ಟರ್ ಅಂಟಿಸ್ಕೊಳ್ಳಿ, ಮಳೆಗಾಲದ ಬೆನ್ನಿಗೆ ಇಲಿಜ್ವರ ಇರುತ್ತೆ.

ಕಳಸದ ದಾರಿ:
ಇಂಬಳದ ಬಗ್ಗೆ ಯಾರೂ ಹೇಳ್ಲಿಲ್ಲ. ಬಯಲು ಹುಲ್ಲಲ್ಲಿ ಬಿಸಿಲಿಗೆ ಕಡಿಮೆ ಆಗಿರ್ತದೆ, ಆದರೆ ಶೋಲಾದ ಒಳಗೆ, ಹಳ್ಳದ ದಡದಲ್ಲಿ, ಒದ್ದೆ ತರಗೆಲೆ ಇರೋ ಕಡೆ ಇದ್ದೇ ಇರ್ತದೆ. ಉದ್ದದ ಸಾಕ್ಸ್ ಒಳಗೆ ಪ್ಯಾಂಟು ತುರುಕಿ. ಹೊಗೆಸೊಪ್ಪಿನ ಪುಡಿಗೆ ಸುಣ್ಣ ಬೆರೆಸಿ ಶೂ ಮೇಲೆ, ಸಾಕ್ಸ್ ಮೇಲೆ ಸವರಿದರೆ ಹತ್ತೋದು ಕಡಿಮೆ. ಹಳ್ಳ ದಾಟಿದ ಮೇಲೆ ತೊಳೆದು ಹೋಗಿರ್ತದೆ, ಮತ್ತೆ ಸವರಬೇಕು. ಚರ್ಮಕ್ಕೆ ನೇರ ಹಚ್ಚಬೇಡಿ, ಸುಡ್ತದೆ.

ನೆರಳಿನ ತಂಪಿಗೆ ಅಂತ ಶೋಲಾದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಊಟ ಮಾಡಿದರೆ ಎದ್ದಾಗ ಒಬ್ಬೊಬ್ಬರಿಗೆ ಐದಾರು ಅಂಟಿರ್ತದೆ. ಒಣ ಬಂಡೆ ಮೇಲೆ ಕೂತ್ಕೊಳ್ಳಿ.

ಶುಶ್ರೂಷೆ:
ಕಚ್ಚಿದ ಇಂಬಳಕ್ಕೆ ಉಪ್ಪು ಸುರಿಯೋದು, ಬೆಂಕಿಕಡ್ಡಿ ತಾಗಿಸೋದು ಬೇಡ. ಅದು ಹೊಟ್ಟೆಯಲ್ಲಿದ್ದದ್ದನ್ನ ಗಾಯಕ್ಕೇ ಕಕ್ಕಬಹುದು, ನಂಜಾಗುತ್ತೆ. ಎಡಗೈಯಲ್ಲಿ ಚರ್ಮ ಸ್ವಲ್ಪ ಬಿಗಿ ಮಾಡಿ, ಬಲಗೈ ಉಗುರನ್ನ ಅದರ ಸಣ್ಣ ತುದಿಯ ಬುಡಕ್ಕೆ ಮಟ್ಟಸವಾಗಿ ಇಟ್ಟು ಪಕ್ಕಕ್ಕೆ ಜಾರಿಸಿ. ಸಣ್ಣ ತುದಿಯೇ ಬಾಯಿ. ಅದು ಬಿಟ್ಟ ತಕ್ಷಣ ದಪ್ಪ ತುದಿಯನ್ನೂ ಹಾಗೇ ಬಿಡಿಸಿ, ದೂರ ಚಿಮ್ಮಿಸಿ. ರಕ್ತ ನಿಲ್ಲದೆ ಹರಿಯೋದು ಕಂಡು ಹೆದರಬೇಡಿ, ಅದರ ಜೊಲ್ಲಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಹಿರುಡಿನ್ ಇರುತ್ತೆ. ತೊಳೆದು, ಬಟ್ಟೆ ಮಡಿಸಿ 10-15 ನಿಮಿಷ ಒತ್ತಿ ಹಿಡಿದರೆ ಸಾಕು. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋ ಹಿರಿಯರಿದ್ದರೆ ಅವರ ಕಾಲು ಆಗಾಗ ನೋಡ್ತಿರಿ.

ಇಂಬಳಕ್ಕಿಂತ ನನಗೆ ಚಿಂತೆ ಉಣುಗಿಂದು. ಅದು ಕಚ್ಚಿದರೆ ಹರಡೋ ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಪತ್ತೆಯಾಗಿದ್ದು, ಮಲೆನಾಡಲ್ಲಿ ಈಗಲೂ ಇದೆ. ಹೆಚ್ಚಾಗೋದು ಡಿಸೆಂಬರ್ ನಂತರ, ಆದರೆ ಒಣಹವೆ ಶುರುವಾಗ್ತಿದ್ದ ಹಾಗೆ ಎಚ್ಚರ ಇರಬೇಕು. ಮರಿ ಉಣುಗು ಎಳ್ಳಿನಷ್ಟೇ ಇರುತ್ತೆ. ಆರೋಗ್ಯ ಇಲಾಖೆಯವರು ಕಾಡಿಗೆ ಹೋಗೋರಿಗೆ ಉಣುಗು ಹತ್ತದಿರಲಿ ಅಂತ ಕೊಡೋ ಡೆಪಾ ತೈಲ ಸಿಕ್ಕರೆ ಹಚ್ಚಿಕೊಳ್ಳಿ. ಸಂಜೆ ಬಿಸಿನೀರಲ್ಲಿ ಸೋಪು ಹಾಕಿ ಸ್ನಾನ, ಬಟ್ಟೆ ಬಿಸಿನೀರಿಗೆ. ಕಂಕುಳು, ಸೊಂಟದ ಪಟ್ಟಿ, ಕಿವಿ ಹಿಂದೆ ಹುಡುಕಿ. ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೀರಿ, ಬೆರಳಲ್ಲಿ ಹಿಸುಕಬೇಡಿ. ವಾಪಸ್ ಬಂದ ಹತ್ತು ದಿನದೊಳಗೆ ಜ್ವರ ಬಂದರೆ ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು: ಕುದುರೆಮುಖದ ಕಾಡಿಗೆ ಹೋಗಿದ್ದೆ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಗೇಟಿನವರಿಗೆ ತಿಳಿಸಿ.

ಮೋಡನೋಟ:
ಅಕ್ಟೋಬರ್ ಅಂದರೆ ಹಿಂಗಾರು. ಬೆಳಗ್ಗೆ ನೀಲಿ ಆಕಾಶ, ಮಧ್ಯಾಹ್ನ ಎರಡು ಮೂರಕ್ಕೆ ಗುಡುಗು, ಇದು ಆ ತಿಂಗಳ ಮಾಮೂಲು ಕ್ರಮ. ಬೆಳಗಿನ ಬಿಸಿಲು ಜೋರಾದಷ್ಟೂ ನೆಲ ಕಾದು ಮೋಡ ಬೇಗ ಕಟ್ಟುತ್ತೆ. ಹುಲ್ಲಿನ ಏಣಿನ (ಬೆಟ್ಟದ ಬೆನ್ನಿನ) ಮೇಲೆ ನಡೆಯೋ ಮನುಷ್ಯನೇ ಅಲ್ಲಿ ಎತ್ತರದ ವಸ್ತು. ಮೋಡ ಹೂಕೋಸಿನ ಹಾಗೆ ಉಬ್ಬಿ ಮೇಲೇರ್ತಿದ್ದರೆ ಗಡಿಯಾರ ನೋಡದೆ ಇಳಿಯೋಕೆ ಶುರು ಮಾಡಿ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿ: 3 ಸೆಕೆಂಡಿಗೆ ಒಂದು ಕಿ.ಮೀ. 30 ಸೆಕೆಂಡಿಗಿಂತ ಕಡಿಮೆ ಅಂದರೆ ಸಿಡಿಲು 10 ಕಿ.ಮೀ. ಒಳಗಿದೆ, ಏಣು ಬಿಟ್ಟು ತಗ್ಗಿಗೆ ಇಳೀರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ. ಕೊಡೆ, ವಾಕಿಂಗ್ ಪೋಲ್ ಕೆಳಗಿಡಿ. ಒಬ್ಬರಿಂದೊಬ್ಬರು ದೂರ ದೂರ ಕೂರಿ. ಕೊನೆಯ ಗುಡುಗಿನಿಂದ 30 ನಿಮಿಷ ಕಾದು ಮತ್ತೆ ಹೊರಡಿ.

ಇನ್ನೊಂದು: ತುದಿಯ ಪಶ್ಚಿಮಕ್ಕೆ ಕಡಿದಾದ ಪ್ರಪಾತ, ಕೆಳಗೆ ದಕ್ಷಿಣ ಕನ್ನಡ. ಕರಾವಳಿಯ ತೇವದ ಗಾಳಿ ಆ ಗೋಡೆ ಹತ್ತಿ ಬಂದು ಮೇಲೆ ಮಂಜಾಗುತ್ತೆ. ನಿರಭ್ರ ದಿನದಲ್ಲೂ ಐದೇ ನಿಮಿಷದಲ್ಲಿ ಕಣ್ಣು ಕಟ್ಟಿದ ಹಾಗಾಗುತ್ತೆ. ಮಂಜು ಬಂದರೆ ಫೋಟೋಗೆ ಅಂಚಿಗೆ ಹೋದವರನ್ನ ಕೂಗಿ ಕರೀಬೇಡಿ, ಇದ್ದಲ್ಲೇ ಕೂರೋಕೆ ಹೇಳಿ. ಗೈಡ್ ಹೋಗಿ ಕರ್ಕೊಂಡು ಬರಲಿ.

ಹೆಜ್ಜೆಗುರುತು:
14 ಜನಕ್ಕೆ ನನ್ನ ಸಲಹೆ ಏಳೇಳರ ಎರಡು ಗುಂಪು. ವೇಗದವರು ಮುಂದೆ ಹೋಗಲಿ, ನಿಧಾನದವರು ಆರಾಮಾಗಿ ಬರಲಿ. ಎಲ್ಲರೂ ಒಟ್ಟಿಗೇ ಅಂದರೆ ಯಾರಿಗೂ ನೆಮ್ಮದಿ ಇರಲ್ಲ.

ಹುಲ್ಲುಬೆಟ್ಟ:
ಹೆಜ್ಜೆಗುರುತು ಅವರೇ, ಎರಡು ಗುಂಪಿಗೂ ಒಬ್ಬೊಬ್ಬ ಗೈಡ್, ಒಂದೊಂದು ಔಷಧಿ ಪೆಟ್ಟಿಗೆ, ಅನುಭವಸ್ಥರು ಇಬ್ಬಿಬ್ಬರು ಇದ್ದರೆ ಮಾತ್ರ ಒಪ್ಪುತ್ತೇನೆ. ಇಲ್ಲದಿದ್ದರೆ ಅನುಭವಸ್ಥರೆಲ್ಲ ಮುಂದಿನ ಗುಂಪಲ್ಲಿ ಸೇರಿ, ಹಿಂದೆ ಐದು ಜನ ಹೊಸಬರು ತಾವು ತಾವೇ ಉಳೀತಾರೆ. ಒಂದೇ ಗುಂಪಾದರೆ ಕ್ರಮ ಹೀಗಿರಲಿ. ಮುಂದೆ ಗೈಡ್, ಅವರ ಬೆನ್ನಿಗೇ ಅತಿ ನಿಧಾನದ ಇಬ್ಬರು. ಎಲ್ಲರ ಹಿಂದೆ ಗಟ್ಟಿ ನಡಿಗೆಯ ಒಬ್ಬರು ಸ್ವೀಪ್, ಅವರ ಹಿಂದೆ ಯಾರೂ ಇರಕೂಡದು. ಮೂತ್ರಕ್ಕೆ ಬದಿಗೆ ಹೋಗೋರು ಚೀಲವನ್ನ ದಾರಿಯಲ್ಲೇ ಇಟ್ಟು ಹೋಗಬೇಕು, ಚೀಲ ಕಂಡರೆ ಸ್ವೀಪ್ ನಿಲ್ತಾರೆ.

ಮನೆಯಲ್ಲೇ 1ರಿಂದ 14 ಸಂಖ್ಯೆ ಹಂಚಿ. ಪ್ರತಿ ಹಳ್ಳ, ಪ್ರತಿ ಕವಲಲ್ಲಿ ಎಲ್ಲರೂ ತಮ್ಮ ಸಂಖ್ಯೆ ಕೂಗಲಿ. ತಲೆ ಎಣಿಸಿದರೆ ಬೇರೆ ಗುಂಪಿನವರು ಸೇರಿ ಲೆಕ್ಕ ಸರಿಯಾಗಿಬಿಡುತ್ತೆ, ಕೂಗಿದ ಸಂಖ್ಯೆ ತಪ್ಪಲ್ಲ.

ಇನ್ನು ಎಲ್ಲ ಗುಂಪಲ್ಲೂ ಆಗೋ ತಪ್ಪು. ಮುಂದಿನವರು ತಲುಪಿ ಹತ್ತು ನಿಮಿಷ ಕೂತು, ಕಡಲೆ ತಿಂದು, ಕೊನೆಯವರು ಏದುಸಿರು ಬಿಡ್ತಾ ಬಂದ ಕ್ಷಣ "ಬಂದ್ರಾ? ಸರಿ, ಹೊರಡೋಣ" ಅಂತಾರೆ. ಯಾರಿಗೆ ವಿಶ್ರಾಂತಿ ಬೇಕೋ ಅವರಿಗೆ ಇಡೀ ದಿನ ಒಂದು ನಿಮಿಷವೂ ಸಿಗಲ್ಲ, ತುದಿಗೆ ಒಂದು ಕಿ.ಮೀ. ಇರುವಾಗ ಕಾಲು ನಡುಗೋಕೆ ಶುರುವಾಗುತ್ತೆ. ಕೊನೆಯವರು ಬಂದು ಚೀಲ ಇಳಿಸಿದ ಮೇಲೆ ಎಂಟು ನಿಮಿಷ ಎಣಿಸಿ. ಏಳೋ ಮಾತನ್ನ ಅವರೇ ಹೇಳಲಿ.

ಸೀಟಿ ಎರಡಿರಲಿ, ಮುಂದೊಂದು ಹಿಂದೊಂದು. ಒಂದು ಊದಿದರೆ ನಿಲ್ಲಿ, ಮೂರು ಊದಿದರೆ ಸಹಾಯ ಬೇಕು. ಬೇರೆ ಯಾವುದಕ್ಕೂ ಊದಬಾರದು, ಕಾಡುಪ್ರಾಣಿಗಳ ಜಾಗ ಅದು.

ಹೆಜ್ಜೆಗುರುತು:
ಸರಿ, ಒಬ್ಬನೇ ಗೈಡ್ ಅಂದರೆ ಒಂದೇ ಗುಂಪು. ಎಂಟು ನಿಮಿಷದ ಮಾತು ನೂರಕ್ಕೆ ನೂರು ನಿಜ.

ಬಯಲುಸೀಮೆ:
ಶೂ ಮತ್ತ ಮೊಣಕಾಲ ಬಗ್ಗೆ ಹೇಳ್ತೀನ್ರಿ. ಹೊಸಾ ಶೂ ಹಾಕ್ಕೊಂಡು ಬೆಟ್ಟಕ್ಕ ಬರಬ್ಯಾಡ್ರಿ ಅಂತ ಎಲ್ಲಾರೂ ಹೇಳ್ತಾರ. ಹಳೇ ಶೂದ್ದೂ ಒಂದು ಅಪಾಯ ಐತಿ. ಮೂರ್ನಾಲ್ಕು ವರ್ಷ ಅಟ್ಟದ ಮ್ಯಾಲ ಇಟ್ಟ ಟ್ರೆಕ್ಕಿಂಗ್ ಶೂ ನೋಡಾಕ ಛಲೋ ಇರ್ತೈತಿ, ಆದ್ರ ಒಳಗಿನ ಪಾಲಿಯುರಿಥೇನ್ ಪದರ ಗಾಳಿ ತೇವಕ್ಕ ಕೊಳೆತು ಪುಡಿಪುಡಿ ಆಗಿರ್ತೈತಿ. ಬೆಟ್ಟದಾಗ ಅಟ್ಟಿ ಹಪ್ಪಳದಂಗ ಕಿತ್ತು ಬರ್ತೈತಿ. ವಾರ ಮೊದ್ಲ ಹಾಕ್ಕೊಂಡು ಮೆಟ್ಟಿಲ ಹತ್ತಿ ಇಳಿದು ನೋಡ್ರಿ, ಅಟ್ಟಿ ಅಂಚು ಹೆಬ್ಬೆರಳಿಂದ ಒತ್ತಿ ಬಿರುಕು ನೋಡ್ರಿ. ಚೀಲದಾಗ ಎರಡು ಮೀಟರ್ ಗಟ್ಟಿ ಬಟ್ಟೆ ಟೇಪು ಇರ್ಲಿ, ನೀರಿನ ಬಾಟಲಿಗೆ ಸುತ್ತಿಟ್ರ ಜಾಗ ತಿನ್ನಂಗಿಲ್ಲ.

ಕಾಲುಗುರು ಎರಡು ದಿನ ಮೊದ್ಲ ಕತ್ತರಿಸ್ರಿ. ಇಳಿಯಾಕ ಶುರು ಮಾಡೂ ಮೊದ್ಲ ಕೂತು ಲೇಸು ಬಿಚ್ಚಿ, ಹಿಮ್ಮಡಿ ಹಿಂದಕ್ಕ ಕುಟ್ಟಿ ಕೂಡ್ರಿಸಿ, ಕಣಕಾಲ ಹತ್ರ ಬಿಗಿಯಾಗಿ ಕಟ್ರಿ. ಇಲ್ಲಾಂದ್ರ ಪಾದ ಮುಂದ ಜಾರಿ ಉಗುರು ಕಪ್ಪಗಾಗ್ತೈತಿ. ಒಣಗಿದ ಹುಲ್ಲು ಮಣ್ಣಿನ ಮ್ಯಾಲ ಮಲಗಿರೋ ಜಾಗ ಎಣ್ಣೆ ಸವರಿದಂಗ ಇರ್ತೈತಿ, ಮಳಿ ಇಲ್ಲಾಂದ್ರ ಜಾರಂಗಿಲ್ಲ ಅನ್ನೂದು ತಪ್ಪು. ಸಣ್ಣ ಜಲ್ಲಿ ಮ್ಯಾಲ ಹಿಮ್ಮಡಿ ಊರಬ್ಯಾಡ್ರಿ, ಮೊಣಕಾಲ ತುಸು ಬಾಗಿಸಿ ಪಾದ ಪೂರಾ ಊರ್ರಿ, ಹೆಜ್ಜಿ ಸಣ್ಣದಿರ್ಲಿ. ಕೋಲು ಇದ್ರ ಇಳಿಯುವಾಗ ಐದಾರು ಸೆಂಟಿಮೀಟರ್ ಉದ್ದ ಮಾಡ್ರಿ. 50 ದಾಟಿದವರಿಗೆ ಎರಡು ಕೋಲು ಕೊಡ್ರಿ.

ಬುತ್ತಿ:
ಊಟದ ಪಾಲು ನನ್ನದು. ಕಾಯಿ ಹಾಕಿದ್ದು ಯಾವುದೂ ಬೇಡ. ಕಾಯಿಚಟ್ನಿ, ಕಾಯಿ ತುರಿದ ಚಿತ್ರಾನ್ನ ಬೆಳಗ್ಗೆ ಐದಕ್ಕೆ ಕಟ್ಟಿದರೆ ಬಿಸಿಲಲ್ಲಿ ಚೀಲದೊಳಗೆ ಬೆಂದು ಹನ್ನೊಂದೂವರೆಗೆ ಹಳಸಿರುತ್ತೆ. ಪುಳಿಯೋಗರೆ ನಿಲ್ಲುತ್ತೆ, ಹುಣಸೆ ಮತ್ತು ಎಣ್ಣೆ ಕಾಯುತ್ತೆ. ಆದರೆ ಅನ್ನವನ್ನ ಅಗಲ ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸಿ ಕಲಸಬೇಕು, ಬಿಸಿಯಾಗಿ ಡಬ್ಬಿ ಮುಚ್ಚಿದರೆ ಹಬೆ ನೀರಾಗಿ ಕೆಡುತ್ತೆ. ಒಬ್ಬರಿಗೆ 3 ಚಪಾತಿ, ಶೇಂಗಾ ಚಟ್ನಿಪುಡಿ ಇನ್ನೂ ಹಗುರ. ಮಧ್ಯೆ ಮಧ್ಯೆ ಹುರಿಗಡಲೆ ಬೆಲ್ಲ, ಶೇಂಗಾ ಚಿಕ್ಕಿ. ಒಬ್ಬರಿಗೆ 150 ಗ್ರಾಂ ಸಾಕು. ತಿನ್ನೋದು ಹಸಿವಾದಾಗ ಅಲ್ಲ, ಗಂಟೆಗೊಮ್ಮೆ ಒಂದು ಹಿಡಿ. ಸೌತೆಕಾಯಿ ಒಬ್ಬರಿಗೊಂದು, ಸಿಪ್ಪೆ ಸಮೇತ ತಿನ್ನಿ. ಮಾಗಿದ ಬಾಳೆಹಣ್ಣು ಚೀಲದಲ್ಲಿ ಜಜ್ಜಿಹೋಗುತ್ತೆ, ದೋರೆಗಾಯಿ ತನ್ನಿ.

ಸ್ಟೀಲ್ ಡಬ್ಬಿ ಅಥವಾ ಬಾಳೆಎಲೆ. ಪೊಟ್ಟಣದ ಚಿಪ್ಸ್, ಬಿಸ್ಕತ್ತು ಗೇಟಿನಲ್ಲೇ ತೊಂದರೆ. "ಹಣ್ಣಿನ ಸಿಪ್ಪೆ ಮಣ್ಣಾಗುತ್ತೆ" ಅಂತ ಎಸೆಯೋರಿಗೆ ಒಂದು ಮಾತು: ಕಿತ್ತಳೆ ಸಿಪ್ಪೆ ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತೆ, ಮಂಗಗಳಿಗೆ ಮನುಷ್ಯರ ಚೀಲದ ರುಚಿ ಹತ್ತಿಸುತ್ತೆ. ಬಾಳೆಎಲೆ ಕೂಡ ಮಡಿಸಿ ವಾಪಸ್.

ಶೋಲಾ:
ಕಾಟಿ ಎದುರಾದರೆ ಏನು ಮಾಡಬೇಕು ಅಂತ ಹೊಸಬರಿಗೆ ಮೊದಲೇ ಹೇಳಿಡಿ. ನಿಲ್ಲಬೇಕು, ಓಡಬಾರದು, ಸುತ್ತುವರೀಬಾರದು. ದಾರಿ ಬಿಟ್ಟು ಪಕ್ಕಕ್ಕೆ ಸರಿದು ಅದು ಹೋಗೋ ತನಕ ಕಾಯಬೇಕು. ಕರು ಇದ್ದರೆ ತಾಯಿ ಮತ್ತು ಕರುವಿನ ನಡುವೆ ಸಿಕ್ಕಿಕೊಳ್ಳಬಾರದು. ಹುಲ್ಲಿನಲ್ಲಿ ಕಾಲಿಡೋ ಮುಂಚೆ ಕೋಲಲ್ಲಿ ತಟ್ಟಿ, ಬಂಡೆ ಮೇಲೆ ಕೈ ಊರೋ ಮುಂಚೆ ಕಣ್ಣಲ್ಲಿ ನೋಡಿ. ಹಾವು ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ, ಚೀಪಬೇಡಿ. ಕಚ್ಚಿದ ಭಾಗ ಅಲುಗಾಡದ ಹಾಗೆ ಕೋಲು ಕಟ್ಟಿ ಹೊತ್ತು ಇಳಿಸಿ.

ಆ ತಿಂಗಳ ಹುಲ್ಲಿನ ನಡುವೆ ನೆಕ್ಕರಿಕೆಯ ನೇರಳೆ ಹೂ, ಒದ್ದೆ ಬಂಡೆ ಮೇಲೆ ಕರ್ಣಕುಂಡಲ ಕಾಣುತ್ತೆ. ಕರ್ಣಕುಂಡಲ ನೆಲದಿಂದ ಒಂದು ಗೇಣು ಎತ್ತರ ಅಷ್ಟೇ, ದಾರಿ ಬಿಟ್ಟು ನಡೆದರೆ ಕಾಲಡಿಗೆ ಬೀಳುತ್ತೆ. ಹುಲ್ಲಿಗೆ ಬೆಂಕಿ ಬೀಳೋ ಕಾಲ ಮುಂದಿದೆ, ಬೀಡಿ ಸಿಗರೇಟು ಮುಳ್ಳೋಡಿಯಲ್ಲೇ ಬಿಟ್ಟು ಬನ್ನಿ.

ಹೊಸಹೆಜ್ಜೆ:
ತುಂಬ ಉಪಕಾರವಾಯ್ತು. ಶುಕ್ರವಾರ ಸಂಜೆಯೇ ಬರೋದು ಅಂತಾಯ್ತು. ಇನ್ನೊಂದೇ ಪ್ರಶ್ನೆ: ದಾರಿ ಮಧ್ಯೆ ಒಬ್ಬರಿಗೆ ಆಗಲ್ಲ ಅಂದರೆ ಅವರನ್ನ ಅಲ್ಲೇ ಕೂರಿಸಿ, ವಾಪಸ್ ಬರುವಾಗ ಕರ್ಕೊಂಡು ಬರಬಹುದಾ?

ಹುಲ್ಲುಬೆಟ್ಟ:
ಬೇಡ. ಒಬ್ಬರನ್ನ ಒಂಟಿಯಾಗಿ ಕೂರಿಸಲೇಬಾರದು. ಮಂಜು, ಗುಡುಗು, ಕಾಟಿ ಯಾವುದು ಬಂದರೂ ಅವರು ಜಾಗ ಬಿಟ್ಟು ಏಳ್ತಾರೆ, ಆಮೇಲೆ ಹುಡುಕಾಟ. ಒಂಟಿಮರದ ಒಳಗೇ ಆದರೆ ಅನುಭವಸ್ಥರಿಬ್ಬರು ಜೊತೆಗೂಡಿ ಮುಳ್ಳೋಡಿಗೆ ಇಳಿಸಲಿ, ಆ ಇಬ್ಬರು ಯಾರು ಅಂತ ಹಿಂದಿನ ರಾತ್ರಿಯೇ ಗೊತ್ತಿರಲಿ. ಅದಕ್ಕಿಂತ ಮೇಲಾದರೆ ಇಡೀ ಗುಂಪು ತಿರುಗಬೇಕು, ಯಾಕಂದರೆ ನಡೆಯಲಾಗದವರನ್ನ ಹೊರೋಕೆ ಒಂದು ಸರದಿಗೆ ಆರು ಜನ ಬೇಕು, ಹತ್ತು ನಿಮಿಷಕ್ಕೊಮ್ಮೆ ಬದಲಾಗಬೇಕು. ಜೀಪು ಮುಳ್ಳೋಡಿಯಿಂದ ಮೇಲೆ ಬರಲ್ಲ.

ಕಳಸದ ದಾರಿ:
ಜೀಪಿನವರಿಗೆ ಹಿಂದಿರುಗೋ ಸಮಯ ನಾಲ್ಕೂವರೆ ಅಂತ ಹೇಳಿಡಿ. ಆರು ಗಂಟೆಯಾದ್ರೂ ಬರ್ಲಿಲ್ಲಾಂದ್ರೆ ಗೇಟಿನಲ್ಲಿ ತಿಳಿಸ್ಬೇಕು ಅಂತಲೂ ಹೇಳಿ. ಮೇಲೆ ಬಹಳ ಕಡೆ ಫೋನ್ ಸಿಗೋದಿಲ್ಲ, ಏರೋಪ್ಲೇನ್ ಮೋಡಿಗೆ ಹಾಕಿ ಚಾರ್ಜ್ ಉಳಿಸ್ಕೊಳ್ಳಿ, ಸಿಗ್ನಲ್ ಬಂದ ಕಡೆ 112 ಹತ್ತಬಹುದು. ತಲೆಗೆ ಕಟ್ಟೋ ಟಾರ್ಚು ನಾಲ್ಕಾದರೂ ತನ್ನಿ, ಬ್ಯಾಟರಿ ಮನೆಯಲ್ಲೇ ಹಾಕಿ ನೋಡ್ಕೊಂಡು.